ಚೀಲ ಕುಕ್ಕುವುದು

ಶಿಡ್ಲಘಟ್ಟ, ಗೂಡಿನ ಮಾರುಕಟ್ಟೆಯ ಹಿಂದಿನ ಗಲ್ಲಿ.
ಪಹಣಿಗೆ ಕಾದು ಕೂತ ಬ್ಯಾಟರಾಯಪ್ಪ
ಮೂರನೇ ಸಲ ಕೇಳಿದರು:
"ತಿರುಗ್ತಾನೇ ಐತಲ್ಲಮ್ಮ, ಅದಕ್ಕೆ ತಲೆ ಸುತ್ತಲ್ವಾ?"

ತಪ್ಪು ನೆಟ್ಟಿನದಲ್ಲ, ಬ್ರೌಸರಿನ ಹೊಟ್ಟೆಯದು.
ಹಳೆಯದೆಲ್ಲ ಹೋದ ತಿಂಗಳೇ ಅಳಿಸಿದ್ದೆ;
ಫೈಲು ಮಾತ್ರ ಅಷ್ಟೇ ದಪ್ಪ, ಇನ್ನೂರ ಹನ್ನೆರಡು ಎಂಬಿ.
ಅಳಿಸಿದ್ದು ಅಲ್ಲಿ ಎದ್ದು ಹೋದರೂ
ಸೀಟಿಗೆ ಟವೆಲು ಹಾಕಿಯೇ ಹೋಗಿರುತ್ತದೆ.

ಬ್ರೌಸರು ಮುಚ್ಚಿ, ಕರಿ ಪರದೆಯಲ್ಲಿ
ಒಂದು ಸಾಲು ಬರೆದೆ.
ಅಮ್ಮ ರಾಗಿ ಚೀಲವನ್ನು ನೆಲಕ್ಕೆರಡು ಸಲ ಕುಕ್ಕಿ
ಇಳಿದಷ್ಟಕ್ಕೆ ಇನ್ನೊಂದು ಮೊರ ಸುರಿಯುತ್ತಿದ್ದಳಲ್ಲ,
ಹಾಗೆ. ಇಲ್ಲಿ ಕಾಳು ಇಳಿಯುವುದು ಕಾಣುವುದಿಲ್ಲ,
ಕಾಯಬೇಕು ಅಷ್ಟೆ.

ಆ ಟವೆಲುಗಳಲ್ಲಿ ಒಂದಷ್ಟು ಜಬೀನಾಳವು.
ಇದೇ ಕುರ್ಚಿಯಲ್ಲಿ ನಾಲ್ಕು ವರ್ಷ.
ಮಧ್ಯಾಹ್ನ ಜನವಿಲ್ಲದಾಗ ನೋಡುತ್ತಿದ್ದ
ಬ್ಲೌಸಿನ ಬೆನ್ನುಗಳು, ಚಿಂತಾಮಣಿ ಬಸ್ಸಿನ ವೇಳೆ,
ಒಮ್ಮೆ, ಯಾಕೋ, ಸಮುದ್ರ ಎಷ್ಟು ಆಳ ಅಂತ.

ಅರವತ್ತೊಂದು ಎಂಬಿ.

ಪುಟ ತಟ್ಟನೆ ತೆರೆಯಿತು.
ಪ್ರಿಂಟನ್ನು ಬೆಳಕಿಗೆ ಹಿಡಿದು ಬ್ಯಾಟರಾಯಪ್ಪ,
"ಇಷ್ಟು ಬೇಗ ಬಂದದ್ದು... ನನ್ನದೇನಾ?"
ಸರ್ವೆ ನಂಬರಿನ ಮೇಲೆ ಬೆರಳಿಟ್ಟು ಓದಿಸಿದೆ.
ಅವರ ಹತ್ತಿರ ಚಿಲ್ಲರೆ ಇರಲಿಲ್ಲ.