ಅಗಳಿ ಸಪ್ಪಳ

ನವನಗರದ ಆಫೀಸಿನ ಗೋಡಿಗೆ ನಕಾಶೆ.
ಫ್ಯಾನಿನ ಗಾಳಿಗೆ ಮುಂಡರಗಿ ಕಡಿ ಮೂಲಿ ಏಳತೈತಿ.
ಪ್ರಾಸ್ಟೇಟ್ ಕ್ಯಾನ್ಸರಿಗೆ ನೀಲಿ ಗುಂಡುಸೂಜಿ.
ಹುಬ್ಬಳ್ಳಿ ಮ್ಯಾಲೆ ಬೆರಳಿಡಾಕ ಜಾಗಿಲ್ಲ,
ಮುಂಡರಗಿಗೆ ಎರಡ.
ಅವೂ ಇಲ್ಲಿ ಮಗಳ ಮನಿಗೆ ಬಂದಾಗ ತೋರಿಸಿದವರವು.

"ಪುಣ್ಯವಂತ ತಾಲೂಕು" ಅಂದ್ರು ಸಾಹೇಬ್ರು.
ಸೂಜಿ ಚುಚ್ಚೋದಷ್ಟ ನನ್ನ ಕೆಲಸ.

ಹ್ವಾದ ವಾರ ಫಾರ್ಮ್ ಹಿಡಕೊಂಡು ಆ ಕಡಿ ಹೋಗಿದ್ದೆ.
ಪಂಚಾಯಿತಿಯ ಮರಣದ ಪುಸ್ತಕ, ಅಂಚು ಇಲಿ ತಿಂದದ್ದು:
ಫಕೀರಗೌಡ, ವಯೋಸಹಜ.
ಕಂಬಾರ ಮೌನೇಶಪ್ಪ, ವಯೋಸಹಜ.
ದಾವಲಸಾಬ ಟೇಲರ್, ಅರವತ್ತೊಂದು, ವಯೋಸಹಜ.

ಅರವತ್ತೊಂದು ಎಂಥಾ ವಯಸ್ಸು?

ಮಾಬೂಬಿ ಬಸಿಯೊಳಗ ಚಾ ಕೊಟ್ಟರು.
"ಸೊಂಟ ಹಿಡದಿತ್ತು. ಎಣ್ಣಿ ತಿಕ್ಕಿದ್ವಿ,
ಗದಗಿಂದ ಗುಳಿಗಿ ತರಿಸಿದ್ವಿ.
ಮಶಿನ್ ತುಳಿಯೋ ಮಂದಿಗೆ ಸೊಂಟ ನೋಯೂದ ಅಂದ್ರು ಎಲ್ಲಾರೂ."

ಮತ್ತ... ಒಂದಕ್ಕ ಹೋಗೂ ತ್ರಾಸು?

ಸೆರಗು ಎಳಕೊಂಡರು. ಬಾಗಿಲ ಕಡಿ ನೋಡಿದರು.
"ನೀ ಹೆಣ್ಮಗಳಂತ ಹೇಳತೀನವ್ವಾ.
ಅವರು ಹೇಳಲಿಲ್ಲ, ನಾ ಕೇಳಲಿಲ್ಲ.
ರಾತ್ರಿ ಅಗಳಿ ತೆಗೆದ ಸಪ್ಪಳ ಆಗತಿತ್ತು.
ಮೊದಲನೇ ವರ್ಷ ಎರಡ ಸಲ,
ಕಡೀ ವರ್ಷ ಏಳು.
ಕಣ್ಣ ಮುಚಗೊಂಡ ಎಣಿಸ್ತಿದ್ದೆ."

ಅಂಥಾ ಲೆಕ್ಕ ಬರಿಯಾಕ ಫಾರ್ಮಿನಾಗ ಮನಿ ಇಲ್ಲ.
ಚಾ ಆರಿತ್ತು, ಕುಡದೆ.
ಮೂಲ್ಯಾಗ ಮಶಿನ್ನಿನ ಮ್ಯಾಲೆ ಹಾಸಗಿ ಮಡಚಿಟ್ಟಿದ್ದರು.

ಇವತ್ತ ಆಫೀಸಿಗೆ ಲಗೂನ ಬಂದೆ.
ಏಳತಿದ್ದ ಆ ಮೂಲಿಗೆ
ಒಂದು ನೀಲಿ ಸೂಜಿ ಚುಚ್ಚಿದೆ.
ಸಾಹೇಬ್ರು ಕೇಳಿದರ
ಗಾಳಿಗೆ ಹಾರತಿತ್ತ್ರೀ ಅಂತ ಹೇಳಬೇಕು.