ಸೋಮ, ಬುಧ, ಶುಕ್ರ

ಡಿಸೆಂಬರಿನ ಕ್ಲೀವ್‌ಲ್ಯಾಂಡಿನಲ್ಲಿ ಬೆಳಗಿನ ಐದೂವರೆ
ಇನ್ನೂ ಬೆಳಗಲ್ಲ. ಸರೋವರದ ಕಡೆಯಿಂದ ಹಿಮ
ಅಡ್ಡಡ್ಡ ಬೀಳುತ್ತದೆ.
ನಾನು ದೀಪ ಹಾಕಿ, ಯಂತ್ರಗಳನ್ನು ತೊಳೆದು,
ತೂಕದ ಮಣೆಯನ್ನು ಸೊನ್ನೆಗೆ ತರುವಷ್ಟರಲ್ಲಿ
ಬಾಗಿಲಲ್ಲೇ ಶುರುವಾಗಿರುತ್ತದೆ ಜಗಳ.

'ಒಂದು ಕೋಟಿ ಎಂಬತ್ತು ಲಕ್ಷ ಡಾಲರ್ ತಾನೆ? ಕೊಡಲಿ!
ಅವರಪ್ಪನ ಗಂಟೇನು ಹೋಗುತ್ತೆ?'
ಬೂಟಿನ ಹಿಮ ಕೊಡವುತ್ತಾಳೆ ಅರ್ನೆಸ್ಟೀನ್ ಪೆಟಿಗ್ರೂ.
ಮೂವತ್ತೊಂದು ವರ್ಷ ಅಂಚೆ ಕಚೇರಿಯ ಕಿಟಕಿಯಲ್ಲಿ
ಬಿಡಿಕಾಸಿಗೂ ರಸೀದಿ ಹರಿದುಕೊಟ್ಟವಳು
ತಂಡದ ಮಾಲೀಕನ ದುಡ್ಡು ಖರ್ಚು ಮಾಡುವಾಗ
ಮಹಾರಾಣಿ.

ಅವಳಿಗೆ ಬೇಕಾದದ್ದು ಒಬ್ಬ ಎಡಗೈ ಪಿಚರ್.
ಮೂವತ್ತನಾಲ್ಕು ವಯಸ್ಸು, ಮೊಣಕೈ ಕೊಯ್ಸಿಕೊಂಡವನು.
'ಹರಿದ ಕೈಗೆ ಅಷ್ಟೊಂದೆ?' ನಾಲ್ಕನೇ ಕುರ್ಚಿಯಿಂದ
ಹೆರಿಬೆರ್ಟೊ, ಛಾವಣಿ ಹೊದಿಸುವವನು:
'ಸೋರುವ ಮನೆಗೆ ನಾನೂ ಅಷ್ಟು ಕೇಳಲ್ಲ.'
'ಹರಿದದ್ದಲ್ಲವೋ, ಹೊಲಿದದ್ದು.
ಮಣಿಕಟ್ಟಿನ ನಾರು ತೆಗೆದು ಮೊಣಕೈಗೆ ಕಟ್ಟಿದ್ದಾರೆ.
ಕಸಿ ಹಿಡಿದರೆ ಹಳೆಯದಕ್ಕಿಂತ ಗಟ್ಟಿ.'

ಕಸಿ ಎಂಬ ಮಾತಿಗೆ
ಒಂದು ಗಳಿಗೆ ಯಾರೂ ಏನೂ ಅನ್ನಲಿಲ್ಲ.
ನಾನು ಅವಳ ತೋಳಿನ ಸೂಜಿಗೆ ಟೇಪು ಅಂಟಿಸಿದೆ.
ರಕ್ತ ನಳಿಗೆ ಹತ್ತಿ, ಯಂತ್ರ ಸುತ್ತಿ,
ಮನೆಗೆ ಮರಳುವ ದಾರಿ ಹಿಡಿಯಿತು.

ತೊಡಕು ಇಷ್ಟೇ. ಆ ಎಡಗೈಯವನ ಸಂಬಳ ಹೊತ್ತುಕೊಂಡರೆ ಸಾಲದು,
ಬದಲಿಗೆ ನಮ್ಮ ಹುಡುಗನೂ ಬೇಕಂತೆ ಅವರಿಗೆ:
ಅಕ್ರನ್‌ನ ಕಿರಿಯರ ತಂಡದಲ್ಲಿ
ಶಾರ್ಟ್‌ಸ್ಟಾಪ್ ಆಡುವ ಹತ್ತೊಂಬತ್ತರ ಸೆಲೆಡೋನಿಯೊ.

'ಕೊಟ್ಟುಬಿಡಲಿ,' ಎಂದಳು ಅರ್ನೆಸ್ಟೀನ್.
'ಅವನು ಮೇಲೆ ಬರೋಕೆ ಮೂರು ವರ್ಷ,
ಹಣ್ಣಾಗೋಕೆ ಇನ್ನೆರಡು. ಐದು ವರ್ಷ ಕಾಯಿರಿ ಅಂತಾನೆ ಮಾಲೀಕ.
ಯಾರ ಐದು ವರ್ಷ?
ಹೇಳಪ್ಪ ಲುಡ್ವಿಕ್, ನೀನಾದರೂ ಹೇಳು.'

ಲುಡ್ವಿಕ್ ಝುಪಾನ್ಚಿಚ್, ಎಪ್ಪತ್ತೊಂಬತ್ತು,
ಬಸ್ಸು ಓಡಿಸಿ ಓಡಿಸಿ ಎಡಗಿವಿ ಮಂದವಾದವನು.
ಮೂತ್ರಪಿಂಡದ ಸರದಿಯಿಂದ ಹೆಸರು ತೆಗೆದಿದ್ದೇವೆಂದು
ಆಸ್ಪತ್ರೆ ಅಕ್ಟೋಬರಿನಲ್ಲಿ ಬಹಳ ಮರ್ಯಾದೆಯಿಂದ
ಬರೆದ ಪತ್ರ, ಅವನ ಸ್ಕೋರು ಪುಸ್ತಕದಲ್ಲಿ
ಪುಟದ ಗುರುತಿಗಿದೆ. ಬಿಸಾಡು ಅಂದರೆ,
'ಒಳ್ಳೇ ದಪ್ಪ ಕಾಗದ' ಅನ್ನುತ್ತಾನೆ.

'ಹುಡುಗನನ್ನು ಕೊಡಬಾರದು.'

'ಏನು?'

'ಜುಲೈಯಲ್ಲಿ ಅಕ್ರನ್‌ಗೆ ಹೋಗಿದ್ದೆ. ಗುರುವಾರ,
ಇಲ್ಲಿಗೆ ಬರಬೇಕಿರಲಿಲ್ಲ.
ಅವನ ಕೈಯಿಂದ ಚೆಂಡು ಜಾರಿತು. ಸುಲಭದ್ದು.
ಆಟ ಸೋತು, ಜನ ಎದ್ದು,
ದೀಪ ಒಂದೊಂದೇ ಆರುತ್ತಿದ್ದಾಗ
ಅವನು ಅದೇ ಜಾಗಕ್ಕೆ ಹಿಂದಿರುಗಿ
ಬರಿಗಾಲಲ್ಲಿ ಮಣ್ಣು ಸವರುತ್ತಿದ್ದ,
ಎಲ್ಲಿ ಉಬ್ಬು, ಎಲ್ಲಿ ತಗ್ಗು ಅಂತ.
ಹಿತ್ತಲ ಗಿಡವೂ ಒಮ್ಮೊಮ್ಮೆ ಮದ್ದೇ ಕಣೇ.
ಬರಿಗಾಲು ನೋಡಿದೆ ನಾನು.'

'ನೀನು ನೋಡಿದೆ! ನಾನೇನು ನೋಡಲಿ?'
ಅವಳು ಕೈ ಎತ್ತಿದ್ದೇ ತಡ
ನಳಿಗೆ ಮಡಿಸಿ, ಯಂತ್ರ ಕಿರುಚಿತು.
'ತೋಳು ಚಾಚಿ, ಅಮ್ಮ,' ಎಂದೆ.
ಚಾಚಿದಳು. ಬಾಯಿ ಮಾತ್ರ ಚಾಚಿಯೇ ಇತ್ತು.

ನಾಲ್ಕು ತಾಸು. ಅಷ್ಟರಲ್ಲಿ
ಇಬ್ಬರು ಪಿಚರುಗಳನ್ನು ಮನೆಗೆ ಕಳಿಸಿದರು,
ಒಬ್ಬ ಮುದಿ ಬ್ಯಾಟರಿಗೆ ಇನ್ನೊಂದು ವರ್ಷ ಕೊಟ್ಟರು,
ಹೆರಿಬೆರ್ಟೊ ಗೊರಕೆ ಹೊಡೆದ.

ಸೂಜಿ ತೆಗೆದು, ಗಾಯದ ಮೇಲೆ ಹತ್ತಿ ಒತ್ತಿ ಹಿಡಿದಿದ್ದಾಗ
ಲುಡ್ವಿಕ್ ಬಿಡುವಿದ್ದ ಕೈಯಿಂದ
ಜೇಬಿನಲ್ಲಿ ತಡಕಿ ಐದು ಡಾಲರಿನ ನೋಟು ತೆಗೆದ.
'ಪಂದ್ಯ. ಐದು ವರ್ಷದಲ್ಲಿ ಆ ಹುಡುಗ
ನಮಗೆ ಕಪ್ಪು ತರದಿದ್ದರೆ ಇದು ಅರ್ನೆಸ್ಟೀನ್‌ಗೆ.'
ಅವಳೂ ಒಂದು ನೋಟು ಎಣಿಸಿ ಕೊಟ್ಟಳು,
ರಸೀದಿ ಕೇಳಿದಳು.
'ಎರಡನ್ನೂ ನೀನಿಟ್ಟುಕೋ,' ಎಂದ ಅವನು ನನಗೆ,
'ನೀನು ಚಿಕ್ಕವಳು.'

ತೂಕ: ಎರಡು ಕಿಲೋ ನಾನ್ನೂರು ಗ್ರಾಂ ಕಡಿಮೆ.
ಬರೆದುಕೊಂಡೆ.
ಕಿಟಕಿಯಾಚೆ ವ್ಯಾನು ಹೊರಟಿತು. ಮಂಜು ಹಿಡಿದ ಗಾಜಿನೊಳಗೆ
ಅವಳ ಕೈ ಇನ್ನೂ ಮೇಲೆ ಕೆಳಗೆ ಆಡುತ್ತಿತ್ತು.
ಈಗ ಕ್ಯಾಚರಿನ ವಿಷಯ ಇರಬೇಕು.