ಅಗಲದ ನೀರು

ಹಡಗು ಮುಳುಗಿ ಹನ್ನೊಂದು ದಿನ.
ಝಾಂಜಿಬಾರಿನ ನಮ್ಮ ಓಣಿಯ ಕಲ್ಲುಕಟ್ಟೆಯ ಮೇಲೆ
ಅದು ದಿನಕ್ಕೆ ಹತ್ತು ಸಲ ಮುಳುಗುತ್ತದೆ,
ಸಲಕ್ಕೊಂದು ಕಾರಣಕ್ಕೆ.

ನಾನು ಕಾಫಿ ಮಾರುವವನು.
ಬಲಗೈಯಲ್ಲಿ ಕೆಂಡದ ಮೇಲೆ ಕೂತ ಹಿತ್ತಾಳೆ ಹೂಜಿ,
ಎಡಗೈಯಲ್ಲಿ ಬಟ್ಟಲು ತೊಳೆವ ನೀರಿನ ಬಕೆಟ್ಟು.
ಮಾತು ಕಾದಷ್ಟೂ ಕಾಫಿ ಹೋಗುತ್ತದೆ.
ಸುಳ್ಳೇಕೆ, ಈ ಹನ್ನೊಂದು ದಿನ
ನನ್ನ ಕಿಸೆ ಭಾರವಾಗಿತ್ತು.

ದರ್ಜಿ ಶಾಮೆಗೆ ಹಡಗಿನ ಪಟ ನೋಡಿದರೇ ಗೊತ್ತು:
ಬೆಸುಗೆ ಬಿಟ್ಟಿದೆ, ಹೊಲಿಗೆ ಬಿಟ್ಟ ಹಾಗೆ.
ಫುಟ್‌ಬಾಲ್ ಕಲಿಸುವ ಉಸ್ಸಿ ಎದ್ದು ನಿಂತು
ಚುಕ್ಕಾಣಿ ಹೇಗೆ ತಿರುಗಿಸಬೇಕಿತ್ತೆಂದು ಸೊಂಟದಲ್ಲೇ ತೋರಿಸಿದ.
ಸುಂಕದ ಕಟ್ಟೆಯಿಂದ ನಿವೃತ್ತನಾದ ಮಕಾಮೆ
ಕಣ್ಣು ಮುಚ್ಚಿ ಹೇಳಿದ: ನನಗೆ ಒಳಗಿನ ಸುದ್ದಿ ಇದೆ.
ಒಳಗೆ ಅಂದರೆ ಎಲ್ಲಿ, ಯಾರೂ ಕೇಳಲಿಲ್ಲ.

ನಾನೂ ಒಂದು ಸೇರಿಸಿದೆ:
ಕಪ್ತಾನ ನಿದ್ದೆ ಹೋಗಿದ್ದ.
ಯಾರು ಹೇಳಿದರು? ಯಾರೂ ಇಲ್ಲ.
ಬಾಯಲ್ಲಿತ್ತು, ಬಿತ್ತು.
ಸಂಜೆಯ ನಮಾಜಿಗೆ ಮುಂಚೆ ಅದು ಬಂದರು ಸುತ್ತಿ
ನನ್ನಲ್ಲಿಗೇ ವಾಪಸು ಬಂತು,
ನಾವಿಕನೊಬ್ಬ ಕಣ್ಣಾರೆ ಕಂಡದ್ದೆಂದು ಪ್ರಮಾಣ ಮಾಡಿಕೊಂಡು.
ನಾನೂ ನಂಬಿದೆ.

ಕಪ್ತಾನ ಖತೀಬನ ಮನೆ ಓಣಿಯ ಮೂಲೆಯಲ್ಲೇ.
ಎಂಟನೆಯ ದಿನ ಅವರು ಕಿಟಕಿ ಹಾಕಿಕೊಂಡರು.
ಸೆಕೆಗಾಲ. ಕಿಟಕಿ ಹಾಕುವ ಕಾಲವಲ್ಲ.

ಆಮೇಲೆ ಅವಳು ಬಂದಳು, ದಾರ್ ಎಸ್ ಸಲಾಮಿನಿಂದ,
ಮ್ವನಹಾವಾ ಎಂದು ಹೆಸರು, ಕೆಲಸ ಹಡಗುಗಳ ತೂಕ ನೋಡುವುದು.
ಕಟ್ಟೆಯ ತುದಿಯಲ್ಲಿ ಕೂತು ಎರಡು ಬಟ್ಟಲು ಕುಡಿದಳು.
ಎಲ್ಲರೂ ತಂತಮ್ಮ ಹಡಗನ್ನು ಅವಳೆದುರು ಮುಳುಗಿಸಿದರು.
ಕೊನೆಗೆ ಉಸ್ಸಿ ಕೇಳಿದ: ನೀವು ಹೇಳಿ, ಯಾಕೆ?
"ಇನ್ನೂ ಗೊತ್ತಿಲ್ಲ" ಅಂದಳು.

ಗೊತ್ತಿಲ್ಲ.
ಆ ಕಲ್ಲು ಈ ಮಾತನ್ನು
ಎಂದಾದರೂ ಕೇಳಿತ್ತೋ ಇಲ್ಲವೋ.
ಹಾಗಾದರೆ ಓದಿದ್ದು ದಂಡ, ಅಂತ ಯಾರೋ ನಕ್ಕರು.

ಅವಳು ಪಕ್ಕದ ರೊಟ್ಟಿ ಅಂಗಡಿಯಿಂದ
ಅಗಲದ ಹರಿವಾಣ ತರಿಸಿದಳು,
ನನ್ನ ಬಕೆಟ್ಟಿನ ನೀರು ಅದಕ್ಕೆ ಸುರಿದಳು, ಬೆರಳ ಗೆಣ್ಣಿನಷ್ಟೇ ಆಳ.
"ಆ ಬಾಗಿಲವರೆಗೆ ಹೋಗಿ ಬಾ, ಅಣ್ಣ."

ಮೂವತ್ತು ವರ್ಷ ನೀರು ಹೊತ್ತ ಕೈ ಇದು.
ನಾಲ್ಕು ಹೆಜ್ಜೆ ಸರಿಯಿತ್ತು.
ಐದನೆಯದಕ್ಕೆ ನೀರು ಒಂದು ಬದಿಗೆ ಓಡಿತು,
ನಾನು ಆಚೆ ವಾಲಿಸಿದೆ, ಅದು ಆಚೆಗೆ ಹಾರಿತು.
ಹರಿವಾಣ ಮಗುಚಿ ನನ್ನ ಕಾಲು ನೆನೆಯಿತು.
"ಬಕೆಟ್ಟಿನಲ್ಲಿ ನೀರು ನಿನ್ನ ಮಾತು ಕೇಳುತ್ತಿತ್ತು,
ಅಗಲದಲ್ಲಿ ಕೇಳುವುದಿಲ್ಲ" ಅಂದಳು.
"ಲಾರಿ ನಿಲ್ಲಿಸುವ ಆ ಅಟ್ಟ ಅಗಲ. ನೀರು ಅಲ್ಲಿಗೆ ಹೇಗೆ ಬಂತು,
ಅದನ್ನು ನಾನಿನ್ನು ಹುಡುಕಬೇಕು."

ಆಮೇಲೆ ತಿರುಗಿದ್ದು ಕೊಂಬೋನ ಕಡೆ.
ಬಂದರಿನ ಹಮಾಲ. ಹನ್ನೊಂದು ದಿನ
ಒಂದು ಮಾತೂ ಆಡದೆ ಕಾಫಿ ಕುಡಿದವನು.
"ಅಕ್ಕಿ ಮೂಟೆ ಯಾವ ಬದಿಗೆ ಹಾಕಿದಿರಿ?"
ಅವನು ಬಟ್ಟಲು ಕೆಳಗಿಟ್ಟ.
"ಬಲಕ್ಕೇ. ಎಲ್ಲ ಬಲಕ್ಕೇ. ಮಳೆ ಹೊಡೆಯುತ್ತಿತ್ತು,
ಅಷ್ಟು ದೂರ ಯಾರು ಹೊರುತ್ತಾರೆ?"
ಹೇಳಿದವನೇ ಅಳತೊಡಗಿದ.
ಅವಳು ಸಮಾಧಾನ ಮಾಡಲಿಲ್ಲ. ಬರೆದುಕೊಂಡಳು,
ಎಷ್ಟು ಮೂಟೆ ಎಂದು ಇನ್ನೊಮ್ಮೆ ಕೇಳಿದಳು.

ಅವಳು ಹೋದ ಮೇಲೆ ಶಾಮೆ ಅಂದ:
ಹರಿವಾಣ ಬೇರೆ, ಹಡಗು ಬೇರೆ.
ಮಕಾಮೆ ಅಂದ: ಅವಳನ್ನು ಕಂಪನಿಯೇ ಕಳಿಸಿದ್ದು, ನನಗೆ ಒಳಗಿನ ಸುದ್ದಿ ಇದೆ.
ಕಾಫಿ ಹಾಕು, ಅಂದರು.
ಹಾಕಿದೆ. ಹೊಟ್ಟೆಪಾಡು.

ಆದರೆ ಈಗ ಖತೀಬನ ಮನೆಯ ಮೂಲೆ ತಿರುಗುವಾಗ
ಬಕೆಟ್ಟಿನಲ್ಲಿ ನೀರು ಕೊಂಚ ಸರಿಯುತ್ತದೆ,
ಮಣಿಕಟ್ಟು ತಾನಾಗಿ ಬಿಗಿಯುತ್ತದೆ.
ಬಟ್ಟಲು ಟಣಗುಟ್ಟಿಸಿ ಕೂಗುವ ಜಾಗ ಅದು.
ಕೂಗುವುದಿಲ್ಲ.
ಕಿಟಕಿ ಇನ್ನೂ ಹಾಕಿಯೇ ಇದೆ.
ಬಾಗಿಲು ತಟ್ಟಿ ಏನು ಹೇಳುವುದು,
ಗೊತ್ತಿಲ್ಲ.